ಮಾತು ಬಿಟ್ಟವರ ಮಾತುಕತೆ: ಅಮೆರಿಕ ಮತ್ತು ಇರಾನ್

1986ರ ಮೇ 25. ಟೆಹರಾನ್ ವಿಮಾನ ನಿಲ್ದಾಣದಲ್ಲಿ ಯಾರಿಗೂ ಹೇಳದೆ ಬಂದ ಒಂದು ವಿಮಾನ ಇಳಿಯಿತು. ಇಳಿದವರ ಕೈಯಲ್ಲಿ ಐರ್ಲೆಂಡಿನ ಖೊಟ್ಟಿ ಪಾಸ್‌ಪೋರ್ಟ್. ವಿಮಾನದೊಳಗೆ ಕ್ಷಿಪಣಿಯ ಬಿಡಿಭಾಗಗಳು. ಜೊತೆಗೆ ಟೆಲ್ ಅವೀವ್‌ನಲ್ಲಿ ಕೊಂಡು ತಂದ ಒಂದು ಚಾಕೊಲೇಟ್ ಕೇಕ್. ತಂಡದ ಮುಖ್ಯಸ್ಥ ರಾಬರ್ಟ್ ಮೆಕ್‌ಫಾರ್ಲೇನ್. ಕೆಲವೇ ತಿಂಗಳ ಹಿಂದಿನವರೆಗೂ ಇವರು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದವರು. ಹಿಂದೆ ಹಿಲ್ಟನ್ ಎಂದು ಕರೆಸಿಕೊಳ್ಳುತ್ತಿದ್ದ ಹೋಟೆಲಿನ ಮೇಲಂತಸ್ತಿನಲ್ಲಿ ಅವರನ್ನು ಇಳಿಸಿದರು. ಕಾದರು, ಕಾದರು. ದೊಡ್ಡ ನಾಯಕರು ಯಾರೂ ಬರಲಿಲ್ಲ. ನಾಲ್ಕನೇ ದಿನ ಬಂದ ದಾರಿ ಹಿಡಿದು ಹೋದರು.

ಆ ಹೊತ್ತಿಗೆ ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧ ಕಡಿದು ಆರು ವರ್ಷವಾಗಿತ್ತು. ಟೆಹರಾನ್‌ನ ಬೀದಿಗಳಲ್ಲಿ ‘ಅಮೆರಿಕಕ್ಕೆ ಸಾವು’ ಎಂಬ ಕೂಗು. ಅತ್ತ ಅಮೆರಿಕ ‘ಇರಾನಿಗೆ ಯಾರೂ ಆಯುಧ ಮಾರಬೇಡಿ’ ಎಂದು ಲೋಕಕ್ಕೆಲ್ಲ ಬುದ್ಧಿ ಹೇಳುತ್ತಿತ್ತು. ಹಾಗೆ ಹೇಳುತ್ತಲೇ ತಾನೇ ಗುಟ್ಟಾಗಿ ಮಾರುತ್ತಿತ್ತು! ಲೆಬನಾನ್‌ನಲ್ಲಿ ಒತ್ತೆ ಸಿಕ್ಕಿದ್ದ ಅಮೆರಿಕನ್ನರನ್ನು ಇರಾನ್ ಬಿಡಿಸಿಕೊಡುತ್ತದೆ ಎಂಬುದು ಲೆಕ್ಕ. ಬಂದ ದುಡ್ಡಿನಲ್ಲಿ ಒಂದಿಷ್ಟು ನಿಕರಾಗುವದ ‘ಕಾಂಟ್ರಾ’ ಬಂಡುಕೋರರಿಗೆ ಹೋಯಿತು. ಆ ನವೆಂಬರ್‌ನಲ್ಲಿ ಲೆಬನಾನ್‌ನ ಒಂದು ಪತ್ರಿಕೆ ಎಲ್ಲವನ್ನೂ ಬಯಲಿಗೆಳೆಯಿತು. ಅದೇ ಇರಾನ್–ಕಾಂಟ್ರಾ ಹಗರಣ. ರೇಗನ್ ಕುರ್ಚಿಯೇ ಅಲ್ಲಾಡಿತು.

ಈ ಎರಡು ದೇಶಗಳ ಬಗ್ಗೆ ನಾವು ಸಾಮಾನ್ಯವಾಗಿ ಓದುವುದು ಬಾಂಬು, ಕ್ಷಿಪಣಿ, ನಿರ್ಬಂಧಗಳ ಸುದ್ದಿ. ಇವರಿಬ್ಬರೂ ಮಾತೇ ಆಡುವುದಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ 1979ರಿಂದ ಈಚೆಗೆ ಇವರು ಮಾತು ಪೂರ್ತಿ ನಿಲ್ಲಿಸಿದ ಕಾಲ ಬಹಳ ಕಡಿಮೆ. ತೊಂದರೆ ಇರುವುದು ಬೇರೆ ಕಡೆ. ಎದುರಿನವನ ಕಡೆಗೆ ಕೈ ಚಾಚಿದವನಿಗೆ ಪ್ರತಿ ಸಲವೂ ಪೆಟ್ಟು ಬಿದ್ದಿದೆ. ಮತ್ತು ಬಹಳ ಸಲ ಆ ಪೆಟ್ಟು ಬಿದ್ದಿದ್ದು ಶತ್ರುವಿನಿಂದಲ್ಲ, ಸ್ವಂತ ಮನೆಯವರಿಂದ. ಇದನ್ನು ತಲೆಯಲ್ಲಿಟ್ಟುಕೊಂಡು ನೋಡಿದರೆ ಈ ಗೋಜಲು ಕತೆ ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಮೊದಲು ಹೀಗಿರಲಿಲ್ಲ

ಇರಾನಿಗೆ ಹಳೆಯ ಶತ್ರುಗಳು ಅಂದರೆ ರಷ್ಯಾ ಮತ್ತು ಬ್ರಿಟನ್. ಇಬ್ಬರೂ ಸೇರಿ ಆ ದೇಶವನ್ನು ಹಿಂಡುತ್ತಿದ್ದ ಕಾಲದಲ್ಲಿ ಅಮೆರಿಕ ದೂರದ ಒಳ್ಳೆಯ ನೆಂಟನಂತೆ ಕಾಣುತ್ತಿತ್ತು. ತಬ್ರೀಜ್ ಊರಿನ ಮಿಶನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೋವರ್ಡ್ ಬಾಸ್ಕರ್‌ವಿಲ್ ಎಂಬ ಅಮೆರಿಕದ ಹುಡುಗ, ಸಂವಿಧಾನಕ್ಕಾಗಿ ಹೋರಾಡುತ್ತಿದ್ದ ಇರಾನಿಗಳ ಜೊತೆ ಸೇರಿ 1909ರಲ್ಲಿ ಗುಂಡೇಟಿಗೆ ಸತ್ತ. ಆಗ ಅವನಿಗೆ 24 ವರ್ಷ. ಅವನ ಸಮಾಧಿ ಇರುವುದೂ ತಬ್ರೀಜ್‌ನಲ್ಲೇ. 1911ರಲ್ಲಿ ಇರಾನ್ ತನ್ನ ಖಜಾನೆಯ ಲೆಕ್ಕ ಸರಿಮಾಡಲು ಮಾರ್ಗನ್ ಶಸ್ಟರ್ ಎಂಬ ಅಮೆರಿಕನ್ನನನ್ನು ಕರೆಸಿಕೊಂಡಿತು. ಅವನನ್ನು ಓಡಿಸಿದ್ದು ಇರಾನಲ್ಲ, ರಷ್ಯಾದ ಬೆದರಿಕೆ.

ಆ ಒಳ್ಳೆಯ ಹೆಸರು ಕಳೆದುಹೋಗಿದ್ದು 1953ರಲ್ಲಿ. ಕಾರಣ ಎಣ್ಣೆ.

ಇರಾನಿನ ಎಣ್ಣೆಯನ್ನು ತೆಗೆದು ಮಾರುತ್ತಿದ್ದದ್ದು ಬ್ರಿಟಿಷ್ ಕಂಪನಿ. ಇಂದಿನ ಬಿಪಿ ಎಣ್ಣೆ ಕಂಪನಿಯ ಪೂರ್ವಜ. ಕೊನೆಕೊನೆಗೆ ಆ ಕಂಪನಿ ಇರಾನಿಗೆ ಕೊಡುತ್ತಿದ್ದ ರಾಯಧನಕ್ಕಿಂತ ಬ್ರಿಟನ್ ಸರ್ಕಾರಕ್ಕೆ ಕಟ್ಟುತ್ತಿದ್ದ ತೆರಿಗೆಯೇ ಜಾಸ್ತಿಯಾಗಿತ್ತು. ಪಕ್ಕದ ಸೌದಿ ಅರೇಬಿಯಾಕ್ಕೆ 1950ರ ಕೊನೆಯಲ್ಲಿ ಅಮೆರಿಕದ ಕಂಪನಿ ಅರ್ಧ ಲಾಭ ಕೊಡಲು ಒಪ್ಪಿದ ಸುದ್ದಿ ಬಂದಾಗ ಇರಾನಿಗಳ ಸಿಟ್ಟು ನೆತ್ತಿಗೇರಿತು. 1951ರಲ್ಲಿ ಸಂಸತ್ತು ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿತು. ಅದರ ಮುಂದಾಳು ಮೊಹಮ್ಮದ್ ಮೊಸಾದೆಗ್ ಪ್ರಧಾನಿಯಾದರು. ಬ್ರಿಟನ್ ಎಣ್ಣೆ ಹಡಗುಗಳನ್ನು ತಡೆಯಿತು. ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೂ ಹೋಯಿತು. ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ನ್ಯಾಯಾಲಯ 1952ರಲ್ಲಿ ಹೇಳಿತು. ಆಗ ಬ್ರಿಟನ್, ಮೊಸಾದೆಗ್ ಅವರನ್ನು ಉರುಳಿಸಲು ನೆರವು ಕೇಳಿ ಅಮೆರಿಕದ ಬಾಗಿಲು ತಟ್ಟಿತು. ಆಗಿನ ಅಧ್ಯಕ್ಷ ಟ್ರೂಮನ್ ಒಪ್ಪಿರಲಿಲ್ಲ. 1953ರ ಜನವರಿಯಲ್ಲಿ ಬಂದ ಐಸೆನ್‌ಹೋವರ್ ಸರ್ಕಾರ ಒಪ್ಪಿತು. ಮೊಸಾದೆಗ್ ಇದ್ದರೆ ಇರಾನ್ ಕಮ್ಯುನಿಸ್ಟರ ಕೈಗೆ ಹೋಗುತ್ತದೆ ಎಂಬ ಭಯವನ್ನು ಅವರಲ್ಲಿ ಹುಟ್ಟಿಸಿದ್ದೇ ಸಾಕಾಯಿತು.

ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಕರ್ಮಿಟ್ ರೂಸ್‌ವೆಲ್ಟ್ ಟೆಹರಾನ್‌ಗೆ ಬಂದು ಕೂತರು. ಆಗಸ್ಟ್ 15ರ ರಾತ್ರಿಯ ಮೊದಲ ಪ್ರಯತ್ನ ಕೆಟ್ಟಿತು. ದೊರೆ ಮೊಹಮ್ಮದ್ ರೆಜಾ ಶಾ ಹೆದರಿ ಬಾಗ್ದಾದ್‌ಗೆ, ಅಲ್ಲಿಂದ ರೋಮ್‌ಗೆ ಓಡಿದರು. ಆಗಸ್ಟ್ 19ರಂದು ದುಡ್ಡು ಕೊಟ್ಟು ಸೇರಿಸಿದ ಗುಂಪು, ಶಾ ಪರ ಸೇನೆ, ಮೊಸಾದೆಗ್ ಮೇಲೆ ಮುನಿದಿದ್ದ ಧರ್ಮಗುರುಗಳ ಬೆಂಬಲಿಗರು ಎಲ್ಲ ಸೇರಿ ಸರ್ಕಾರವನ್ನು ಉರುಳಿಸಿದರು. ಈ ಕೊನೆಯ ಮಾತನ್ನು ಮರೆಯಬಾರದು. ಅಂದು ಧರ್ಮಗುರುಗಳಲ್ಲಿ ದೊಡ್ಡ ಪಾಲು ಶಾ ಕಡೆಗಿತ್ತು. ಇಂದಿನ ಇಸ್ಲಾಮಿಕ್ ಗಣರಾಜ್ಯ 1953ರ ಗಾಯವನ್ನು ಎತ್ತಿ ತೋರಿಸುತ್ತದೆ, ಮೊಸಾದೆಗ್ ಅವರನ್ನು ಮಾತ್ರ ಅಷ್ಟಾಗಿ ಹೊಗಳುವುದಿಲ್ಲ. ಅವರು ಮೂರು ವರ್ಷ ಜೈಲಿನಲ್ಲಿದ್ದು, ಆಮೇಲೆ ಅಹ್ಮದಾಬಾದ್ ಎಂಬ ಹಳ್ಳಿಯ ಮನೆಯಲ್ಲಿ ಬಂಧಿಯಾಗಿಯೇ 1967ರಲ್ಲಿ ತೀರಿಕೊಂಡರು. 1954ರಲ್ಲಿ ಆದ ಹೊಸ ಎಣ್ಣೆ ಒಪ್ಪಂದದಲ್ಲಿ ಅಮೆರಿಕದ ಕಂಪನಿಗಳಿಗೆ ಶೇ 40 ಪಾಲು ಸಿಕ್ಕಿತ್ತು.

ಅಲ್ಲಿಂದ 25 ವರ್ಷ ಶಾ ಅಮೆರಿಕದ ನಚ್ಚಿನ ಗೆಳೆಯ. ಪರಮಾಣು ಸಂಶೋಧನೆಗೆ ಮೊದಲ ರಿಯಾಕ್ಟರ್ ಕೊಟ್ಟಿದ್ದು ಅಮೆರಿಕವೇ. ಅದು 1967ರಲ್ಲಿ ಟೆಹರಾನ್‌ನಲ್ಲಿ ಶುರುವಾಯಿತು. ಎಣ್ಣೆ ಬೆಲೆ ಏರಿದಾಗ ಶಾ ಕೈಯಲ್ಲಿ ದುಡ್ಡು ಹರಿದಾಡಿತು. ಎಫ್-14 ಯುದ್ಧವಿಮಾನಗಳನ್ನೇ 79 ತರಿಸಿಕೊಂಡರು. ಆ ದುಡ್ಡಿನ ಒಂದು ತುಣುಕು ನಮ್ಮ ಮಲೆನಾಡಿಗೂ ಬಂದಿತ್ತು. ಕುದುರೆಮುಖದ ಗಣಿಯನ್ನು ಕಟ್ಟಿದ್ದೇ ಇರಾನಿನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಕಳಿಸಲು, ಇರಾನ್ ಕೊಟ್ಟ ಸಾಲದಲ್ಲಿ. ಗಣಿ ಸಿದ್ಧವಾಗುವ ಹೊತ್ತಿಗೆ ಶಾ ಇರಲಿಲ್ಲ. ಹೊಸ ಸರ್ಕಾರಕ್ಕೆ ಅದಿರು ಬೇಡವಾಯಿತು. ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿಕೊಳ್ಳಬೇಕಾಯಿತು.

ಗೆಳೆತನದ ಇನ್ನೊಂದು ಮುಖ ಸಾವಾಕ್ ಎಂಬ ಗುಪ್ತ ಪೊಲೀಸ್ ಪಡೆ. ಅದನ್ನು ಕಟ್ಟಲು, ತರಬೇತಿ ಕೊಡಲು ಅಮೆರಿಕ ನೆರವಾಗಿತ್ತು. 1964ರಲ್ಲಿ, ಇರಾನಿನಲ್ಲಿರುವ ಅಮೆರಿಕದ ಸೇನಾ ಸಿಬ್ಬಂದಿ ತಪ್ಪು ಮಾಡಿದರೂ ಅಲ್ಲಿನ ಕೋರ್ಟ್ ವಿಚಾರಿಸುವಂತಿಲ್ಲ ಎಂಬ ಕಾನೂನು ಬಂತು. ಅದನ್ನು ಕಟುವಾಗಿ ಟೀಕಿಸಿ ಭಾಷಣ ಮಾಡಿದ ಒಬ್ಬ ಧರ್ಮಗುರುವನ್ನು ಶಾ ದೇಶದಿಂದ ಹೊರಹಾಕಿದರು. ಅವರ ಹೆಸರು ರುಹೊಲ್ಲಾ ಖೊಮೇನಿ.

444 ದಿನ

1979ರ ಕ್ರಾಂತಿಯ ಕತೆ ಬಹಳ ಮಂದಿಗೆ ಗೊತ್ತು. ಜನವರಿಯಲ್ಲಿ ಶಾ ದೇಶ ಬಿಟ್ಟರು. ಫೆಬ್ರುವರಿ 1ಕ್ಕೆ ಖೊಮೇನಿ ವಾಪಸು ಬಂದರು. ಜನಕ್ಕೆ ಅಷ್ಟಾಗಿ ನೆನಪಿಲ್ಲದ ಸಂಗತಿ ಒಂದಿದೆ. ಕ್ರಾಂತಿಯಾದ ಮೇಲೂ ಅಮೆರಿಕದ ರಾಯಭಾರ ಕಚೇರಿ ತೆರೆದೇ ಇತ್ತು. ಹೊಸ ಪ್ರಧಾನಿ ಮೆಹ್ದಿ ಬಾಜರ್‌ಗಾನ್ ಮಧ್ಯಮ ಮಾರ್ಗದವರು. ಅಮೆರಿಕದ ಜೊತೆ ಜಗಳ ಬೇಡ, ಸರಿಯಾದ ವ್ಯವಹಾರ ಇರಲಿ ಎನ್ನುವವರು. ಫೆಬ್ರುವರಿಯಲ್ಲಿ ಒಮ್ಮೆ ಗುಂಪೊಂದು ರಾಯಭಾರ ಕಚೇರಿಗೆ ನುಗ್ಗಿದಾಗ ಹೊಸ ಸರ್ಕಾರದವರೇ ಬಂದು ಬಿಡಿಸಿದ್ದರು.

ಅಕ್ಟೋಬರ್‌ನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆಂದು ಶಾ ನ್ಯೂಯಾರ್ಕ್‌ಗೆ ಬಂದರು. ಇರಾನಿಗಳಿಗೆ 1953 ನೆನಪಾಯಿತು. ಆಗಲೂ ಓಡಿಹೋಗಿದ್ದ ಶಾ ಅವರನ್ನು ಅಮೆರಿಕವೇ ತಂದು ಕೂರಿಸಿತ್ತಲ್ಲ! ನವೆಂಬರ್ 1ರಂದು ಅಲ್ಜೀರಿಯಾದ ಒಂದು ಸಮಾರಂಭದಲ್ಲಿ ಬಾಜರ್‌ಗಾನ್ ಅಮೆರಿಕದ ಭದ್ರತಾ ಸಲಹೆಗಾರ ಬ್ರೆಜಿನ್‌ಸ್ಕಿ ಅವರನ್ನು ಭೇಟಿಯಾದರು. ಕೈಕುಲುಕಿದರು. ಮೂರು ದಿನಕ್ಕೆ, ನವೆಂಬರ್ 4ರಂದು, ವಿದ್ಯಾರ್ಥಿಗಳ ಗುಂಪು ರಾಯಭಾರ ಕಚೇರಿಯ ಗೋಡೆ ಹತ್ತಿತು. ಈ ಸಲ ಬಿಡಿಸಲು ಯಾರೂ ಬರಲಿಲ್ಲ. ಖೊಮೇನಿ ಆ ಹುಡುಗರ ಬೆನ್ನಿಗೆ ನಿಂತರು. 6ನೇ ತಾರೀಖು ಬಾಜರ್‌ಗಾನ್ ರಾಜೀನಾಮೆ ಕೊಟ್ಟರು. ಕೈ ಚಾಚಿದ್ದಕ್ಕೆ ಬೆಲೆ ತೆತ್ತ ಮೊದಲಿಗ ಅವರು.

52 ಜನ 444 ದಿನ ಸೆರೆಯಲ್ಲಿದ್ದರು. ರಾಯಭಾರ ಕಚೇರಿಯ ಸಿಬ್ಬಂದಿಯನ್ನು ಆತಿಥೇಯ ದೇಶವೇ ಒತ್ತೆ ಇಟ್ಟುಕೊಳ್ಳುವುದು ರಾಜತಾಂತ್ರಿಕತೆಯ ಮೊದಲ ನಿಯಮವನ್ನೇ ಮುರಿದ ಹಾಗೆ. ಇದಕ್ಕೆ 1953 ಹಿನ್ನೆಲೆಯಾಗಬಹುದು, ಸಮರ್ಥನೆ ಆಗಲಾರದು. ಅಮೆರಿಕದ ಟಿವಿಯಲ್ಲಿ ಪ್ರತಿ ರಾತ್ರಿ ಕಣ್ಣಿಗೆ ಬಟ್ಟೆ ಕಟ್ಟಿದ ಮುಖಗಳು. ಅಲ್ಲಿನ ಒಂದು ಇಡೀ ತಲೆಮಾರಿಗೆ ಇರಾನ್ ಅಂದರೆ ಆ ಮುಖಗಳೇ. 1980ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಸಂಬಂಧ ಕಡಿದರು. ಅದೇ ತಿಂಗಳು ಒತ್ತೆಯಾಳುಗಳನ್ನು ಬಿಡಿಸಲು ಇರಾನಿನ ತಬಸ್ ಮರುಭೂಮಿಗೆ ರಹಸ್ಯ ಪಡೆ ಕಳಿಸಿ, ಆ ಪ್ರಯತ್ನ ಕೆಟ್ಟು ಎಂಟು ಸೈನಿಕರು ಸತ್ತರು. ನವೆಂಬರ್‌ನಲ್ಲಿ ಕಾರ್ಟರ್ ಚುನಾವಣೆ ಸೋತರು.

ಇರಾನಿನ ಒಳಗೆ ಏನಾಯಿತು? ವಿದ್ಯಾರ್ಥಿಗಳು ಯಂತ್ರದಲ್ಲಿ ಸೀಳಿದ್ದ ರಾಯಭಾರ ಕಚೇರಿಯ ಕಾಗದಗಳನ್ನು ಎಳೆ ಎಳೆಯಾಗಿ ಜೋಡಿಸಿ ಅಚ್ಚು ಹಾಕಿಸಿದರು. ಅಮೆರಿಕನ್ನರ ಜೊತೆ ಯಾರು ಯಾರು ಮಾತಾಡಿದ್ದರು ಎಂಬುದೆಲ್ಲ ಅದರಲ್ಲಿತ್ತು. ಸರ್ಕಾರದ ವಕ್ತಾರರಾಗಿದ್ದ ಅಬ್ಬಾಸ್ ಅಮೀರ್ ಎಂತೆಜಾಮ್ ಅವರಿಗೆ ಆ ಕಾಗದಗಳ ಆಧಾರದ ಮೇಲೆ ಜೀವಾವಧಿ ಶಿಕ್ಷೆಯಾಯಿತು. ಒತ್ತೆಯಾಳುಗಳನ್ನು ಬಿಡಿಸುವ ಸಲುವಾಗಿ ಪ್ಯಾರಿಸ್‌ನಲ್ಲಿ ಕಾರ್ಟರ್ ಅವರ ಆಪ್ತರನ್ನು ಗುಟ್ಟಾಗಿ ಭೇಟಿಯಾಗಿದ್ದ ವಿದೇಶಾಂಗ ಸಚಿವ ಸಾದೆಗ್ ಘೋಟ್ಬ್‌ಜಾದೆ, ದೇಶದ ವಿರುದ್ಧ ಸಂಚು ಮಾಡಿದ ಆರೋಪದ ಮೇಲೆ 1982ರಲ್ಲಿ ಮರಣದಂಡನೆಗೆ ಗುರಿಯಾದರು. ಇಂಥ ಊರಿನಲ್ಲಿ ಮುಂದೆ ಯಾರು ತಾನೇ ಧೈರ್ಯವಾಗಿ ‘ಅಮೆರಿಕದ ಜೊತೆ ಮಾತಾಡೋಣ’ ಅಂದಾರು?

ನಡುವೆ ನಿಂತವರು

ಮುನಿಸಿಕೊಂಡ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದರೂ ‘ಅವನಿಗೆ ಹೇಳು’ ಎಂದು ಮಕ್ಕಳ ಬಾಯಲ್ಲಿ ಹೇಳಿಸುತ್ತಾರಲ್ಲ, ಅಮೆರಿಕ–ಇರಾನ್ ವ್ಯವಹಾರ ಅಂದಿನಿಂದ ಹಾಗೆ ನಡೆದಿದೆ. ಆದರೆ ಇಲ್ಲಿ ಹೇಳುವವರು ಮಕ್ಕಳಲ್ಲ, ಪೂರ್ತಿ ದೇಶಗಳು.

ಮೊದಲು ಆ ಕೆಲಸ ಮಾಡಿದ್ದು ಅಲ್ಜೀರಿಯಾ. ಒತ್ತೆಯಾಳುಗಳ ವಿಷಯದಲ್ಲಿ ಅದರ ರಾಜತಾಂತ್ರಿಕರು ಟೆಹರಾನ್‌ಗೂ ವಾಷಿಂಗ್ಟನ್‌ಗೂ ಓಡಾಡಿದರು. 1981ರ ಜನವರಿ 19ರಂದು ಮುಗಿದ ಒಪ್ಪಂದದ ರೂಪವೇ ವಿಚಿತ್ರ. ಎರಡೂ ದೇಶಗಳು ಪರಸ್ಪರ ಬರೆದುಕೊಂಡ ಪತ್ರ ಅಲ್ಲ ಅದು. ‘ಇವರಿಬ್ಬರೂ ಹೀಗೆ ಒಪ್ಪಿದ್ದಾರೆ’ ಎಂದು ಅಲ್ಜೀರಿಯಾ ಹೊರಡಿಸಿದ ಘೋಷಣೆ. ಅಮೆರಿಕ ತಡೆಹಿಡಿದಿದ್ದ ಇರಾನಿನ ಹಣದಲ್ಲಿ ಸುಮಾರು 800 ಕೋಟಿ ಡಾಲರ್ ಬ್ಯಾಂಕ್ ಆಫ್ ಇಂಗ್ಲೆಂಡಿನ ಖಾತೆಗೆ ಹೋಯಿತು. ಅದು ಬಂತೆಂದು ಖಾತ್ರಿಯಾದ ಮೇಲೆ ಒತ್ತೆಯಾಳುಗಳ ವಿಮಾನ ಹಾರಿತು. ಅಷ್ಟರಲ್ಲಿ 20ನೇ ತಾರೀಖು ರೇಗನ್ ಪ್ರಮಾಣವಚನ ಮುಗಿದು ಕೆಲವು ನಿಮಿಷಗಳಾಗಿದ್ದವು. ಕಾರ್ಟರ್‌ಗೆ ಅಷ್ಟೂ ಯಶಸ್ಸು ಸಿಗಬಾರದು ಎಂಬ ಹಟ.

ಅದೇ ಒಪ್ಪಂದದಿಂದ ದಿ ಹೇಗ್ ನಗರದಲ್ಲಿ ಒಂದು ನ್ಯಾಯಮಂಡಳಿ ಹುಟ್ಟಿತು. ಅಮೆರಿಕದ ಮೂವರು, ಇರಾನಿನ ಮೂವರು, ಹೊರಗಿನ ಮೂವರು ತೀರ್ಪುಗಾರರು. ಕ್ರಾಂತಿಯಿಂದ ಹಣ ಕಳಕೊಂಡ ಕಂಪನಿಗಳು, ಜನರು, ಸರ್ಕಾರಗಳ ಸಾವಿರಾರು ದಾವೆಗಳನ್ನು ಅದು ತೀರಿಸಿತು. 1984ರಲ್ಲಿ ಇರಾನಿನ ಇಬ್ಬರು ತೀರ್ಪುಗಾರರು ಸ್ವೀಡನ್‌ನ ತೀರ್ಪುಗಾರರೊಬ್ಬರ ಮೇಲೆ ಕೈಮಾಡಿದ ಘಟನೆಯೂ ನಡೆಯಿತು. ಅಷ್ಟಾದರೂ ಮಂಡಳಿ ನಿಲ್ಲಲಿಲ್ಲ. ನಾಲ್ಕು ದಶಕ ದಾಟಿ ನಡೆಯಿತು. ಬದ್ಧ ವೈರಿಗಳು ಒಂದೇ ಮೇಜಿನ ಸುತ್ತ ಇಷ್ಟು ವರ್ಷ ಕೂತ ಉದಾಹರಣೆ ಕಡಿಮೆ.

1980ರಿಂದ ಟೆಹರಾನ್‌ನಲ್ಲಿ ಅಮೆರಿಕದ ಹಿತ ನೋಡಿಕೊಳ್ಳುವ ಹೊಣೆ ಸ್ವಿಟ್ಜರ್ಲೆಂಡ್‌ಗೆ ಬಂತು. ಅಮೆರಿಕದ ಪ್ರಜೆ ಅಲ್ಲಿ ಜೈಲಿಗೆ ಹೋದರೆ ನೋಡಲು ಹೋಗಬೇಕಾದವರು ಸ್ವಿಸ್ ಅಧಿಕಾರಿಗಳು. ವಾಷಿಂಗ್ಟನ್‌ನಲ್ಲಿ ಇರಾನಿನ ವಿಭಾಗ ಮೊದಲು ಅಲ್ಜೀರಿಯಾದ, ಆಮೇಲೆ ಪಾಕಿಸ್ತಾನದ ರಾಯಭಾರ ಕಚೇರಿಯ ಆಸರೆಯಲ್ಲಿ ನಡೆಯಿತು. ಇರಾನಿನಲ್ಲಿ ಅಮೆರಿಕದ ವೀಸಾ ಕೌಂಟರ್ ಇಲ್ಲ. 2025ರವರೆಗೂ ಮಗನ ಪದವಿ ಸಮಾರಂಭ ನೋಡಲು ಹೊರಟ ಅಪ್ಪ ಅಮ್ಮ ಸಂದರ್ಶನಕ್ಕೆಂದೇ ಅಂಕಾರಕ್ಕೋ ದುಬೈಗೋ ಯೆರೆವಾನ್‌ಗೋ ಹೋಗಬೇಕಿತ್ತು. ದೊಡ್ಡವರ ಜಗಳದ ದಿನನಿತ್ಯದ ಖರ್ಚು ಇದು.

ಇನ್ನೊಂದು ಜಾಗ ನ್ಯೂಯಾರ್ಕ್. ವಿಶ್ವಸಂಸ್ಥೆಯ ಕೇಂದ್ರ ಅಲ್ಲಿರುವುದರಿಂದ ಇರಾನಿನ ರಾಜತಾಂತ್ರಿಕರಿಗೆ ಅಮೆರಿಕ ಒಳಬರಲು ಬಿಡಲೇಬೇಕು. ಆದರೆ ನಗರದಿಂದ ಇಷ್ಟೇ ಮೈಲಿ ದೂರ ಓಡಾಡಬಹುದು ಎಂಬ ಲಕ್ಷ್ಮಣರೇಖೆ ಇರುತ್ತದೆ. 2014ರಲ್ಲಿ ಇರಾನ್ ನೇಮಿಸಿದ ಹೊಸ ಪ್ರತಿನಿಧಿಗೆ ವೀಸಾವನ್ನೇ ಕೊಡಲಿಲ್ಲ. 1979ರಲ್ಲಿ ಒತ್ತೆ ಹಿಡಿದ ವಿದ್ಯಾರ್ಥಿಗಳಿಗೆ ಅನುವಾದಕರಾಗಿ ನೆರವಾಗಿದ್ದರು ಎಂಬ ಕಾರಣ. 35 ವರ್ಷ ಕಳೆದಿತ್ತು ಆಗ!

ಎಲ್ಲರಿಗಿಂತ ಸದ್ದಿಲ್ಲದೆ ಕೆಲಸ ಮಾಡಿದ್ದು ಒಮಾನ್. 2009ರಲ್ಲಿ ಇರಾಕಿನ ಗಡಿ ದಾಟಿ ಬಂದರೆಂದು ಇರಾನ್ ಮೂವರು ಅಮೆರಿಕದ ಚಾರಣಿಗರನ್ನು ಹಿಡಿದಿತ್ತು. ಒಮಾನ್ ನಡುವೆ ಬಂದು 2011ರ ಹೊತ್ತಿಗೆ ಎಲ್ಲರನ್ನೂ ಬಿಡಿಸಿತು. ಆ ನಂಬಿಕೆಯ ಮೇಲೆ 2012ರಲ್ಲಿ ಮಸ್ಕತ್‌ನಲ್ಲಿ ಇಬ್ಬರೂ ಗುಟ್ಟಾಗಿ ಎದುರುಬದುರು ಕೂತರು. 2015ರ ಪರಮಾಣು ಒಪ್ಪಂದದ ಬೀಜ ಬಿದ್ದಿದ್ದು ಅಲ್ಲಿ.

ಸಿಕ್ಕಿದ್ದನ್ನು ಕಳಕೊಂಡ ವರ್ಷಗಳು

ಅದಕ್ಕೂ ಮುಂಚೆ ಎರಡು ಮಾತು ಹೇಳಬೇಕು. 1980ರ ದಶಕದಲ್ಲಿ ಇರಾಕಿನ ಸದ್ದಾಂ ಹುಸೇನ್ ಇರಾನಿನ ಮೇಲೆ ಎಂಟು ವರ್ಷ ಯುದ್ಧ ಮಾಡಿದಾಗ ಅಮೆರಿಕ ಇರಾಕಿನ ಕಡೆ ವಾಲಿತ್ತು. 1983ರಲ್ಲಿ ಬೈರೂತ್‌ನಲ್ಲಿ ಟ್ರಕ್ ಬಾಂಬಿಗೆ ಅಮೆರಿಕದ 241 ಸೈನಿಕರು ಸತ್ತರು. ಅದರ ಹಿಂದೆ ಇರಾನ್ ಮತ್ತು ಅದು ಬೆಳೆಸುತ್ತಿದ್ದ ಶಿಯಾ ಹೋರಾಟಗಾರರು ಇದ್ದಾರೆಂದು ಅಮೆರಿಕ ದೂರಿತು. ಮುಂದಿನ ವರ್ಷ ಇರಾನನ್ನು ಭಯೋತ್ಪಾದನೆಯ ಪೋಷಕ ದೇಶಗಳ ಪಟ್ಟಿಗೆ ಸೇರಿಸಿತು.

1988ರ ಜುಲೈ 3ರಂದು ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ ಇರಾನ್ ಏರ್‌ನ 655ನೇ ವಿಮಾನವನ್ನು ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಹೊಡೆದುರುಳಿಸಿತು. 290 ಜನ ಸತ್ತರು. ಅವರಲ್ಲಿ 66 ಮಕ್ಕಳು, 10 ಮಂದಿ ಭಾರತೀಯರು. ಯುದ್ಧವಿಮಾನ ಎಂದುಕೊಂಡೆವು ಎಂದಿತು ಅಮೆರಿಕ. ಅವರು ಅಂದುಕೊಂಡ ಎಫ್-14 ಅನ್ನು ಶಾಗೆ ಮಾರಿದ್ದು ಅವರೇ. 1996ರಲ್ಲಿ ಸತ್ತವರ ಮನೆಯವರಿಗೆ 6.18 ಕೋಟಿ ಡಾಲರ್ ಕೊಡಲು ಒಪ್ಪಿತು. ತಪ್ಪೊಪ್ಪಿಗೆ ಮಾತ್ರ ಇಲ್ಲ. ಅಷ್ಟರಲ್ಲಿ ಆ ನೌಕೆಯ ಕ್ಯಾಪ್ಟನ್‌ಗೆ ಸೇವಾ ಪದಕವೂ ಸಿಕ್ಕಿತ್ತು. ಇರಾನಿಗಳ ಮನೆಮಾತಿನಲ್ಲಿ ಈ ಘಟನೆಗಿರುವ ಜಾಗ ಅಮೆರಿಕದವರಿಗೆ ಗೊತ್ತೇ ಇಲ್ಲ ಅನ್ನಬಹುದು.

ಇನ್ನು 2001. ತಾಲಿಬಾನ್ ಇಬ್ಬರಿಗೂ ಶತ್ರು. ಜರ್ಮನಿಯ ಬಾನ್‌ನಲ್ಲಿ ಅಫ್ಗಾನಿಸ್ತಾನದ ಹೊಸ ಸರ್ಕಾರ ಕಟ್ಟುವಾಗ ತಾಲಿಬಾನ್ ವಿರುದ್ಧ ಹೋರಾಡಿದ್ದ ಉತ್ತರದ ಬಣ ಜಾಸ್ತಿ ಖಾತೆಗಳಿಗೆ ಪಟ್ಟು ಹಿಡಿದು ಮಾತುಕತೆ ಮುರಿಯುವ ಹಂತಕ್ಕೆ ಬಂತು. ಅವರನ್ನು ಪಕ್ಕಕ್ಕೆ ಕರೆದು ಒಪ್ಪಿಸಿದ್ದು ಇರಾನಿನ ರಾಜತಾಂತ್ರಿಕ ಜವಾದ್ ಝರೀಫ್. ಇದನ್ನು ಹೇಳಿದವರು ಅಮೆರಿಕದ ಪ್ರತಿನಿಧಿ ಜೇಮ್ಸ್ ಡಾಬಿನ್ಸ್ ಅವರೇ. ಎರಡು ತಿಂಗಳೂ ಆಗಲಿಲ್ಲ, 2002ರ ಜನವರಿ 29ರಂದು ಅಧ್ಯಕ್ಷ ಬುಷ್ ಇರಾಕ್, ಉತ್ತರ ಕೊರಿಯಾಗಳ ಜೊತೆ ಇರಾನನ್ನೂ ಸೇರಿಸಿ ‘ದುಷ್ಟಕೂಟ’ ಎಂದುಬಿಟ್ಟರು. ಟೆಹರಾನ್‌ನಲ್ಲಿ ಅಧ್ಯಕ್ಷ ಖತಾಮಿ ಮತ್ತು ಅವರ ಸುಧಾರಣಾವಾದಿಗಳು ತಲೆ ತಗ್ಗಿಸಬೇಕಾಯಿತು. 2003ರಲ್ಲಿ ಸ್ವಿಸ್ ರಾಯಭಾರಿ ಟಿಮ್ ಗುಲ್ಡಿಮನ್ ಒಂದು ಪ್ರಸ್ತಾವ ಕಳಿಸಿದರು. ಪರಮಾಣು, ಇರಾನ್ ಬೆಂಬಲದ ಲೆಬನಾನ್ ಪಡೆ ಹಿಜ್ಬುಲ್ಲಾ, ನಿರ್ಬಂಧ ಎಲ್ಲದರ ಬಗ್ಗೆ ಮಾತಾಡಲು ಇರಾನ್ ಸಿದ್ಧ ಎಂಬ ಒಕ್ಕಣೆ. ಅದಕ್ಕೆ ಇರಾನಿನ ಮೇಲಿನವರ ಒಪ್ಪಿಗೆ ಎಷ್ಟಿತ್ತು ಎಂಬ ಚರ್ಚೆ ಇದೆ. ಆದರೆ ವಾಷಿಂಗ್ಟನ್ ಆ ಪ್ರಶ್ನೆ ಕೇಳುವ ಗೋಜಿಗೂ ಹೋಗಲಿಲ್ಲ. ಪತ್ರ ತಂದ ಗುಲ್ಡಿಮನ್ ಮೇಲೇ ಮುನಿಸಿಕೊಂಡಿತು. ಆಗಷ್ಟೇ ಬಾಗ್ದಾದ್ ಗೆದ್ದ ಅಮಲು.

ಸಹಿಯ ಬೆಲೆ

2002ರ ಆಗಸ್ಟ್‌ನಲ್ಲಿ ನತಾಂಜ್ ಎಂಬಲ್ಲಿ ಇರಾನ್ ಗುಟ್ಟಾಗಿ ಪರಮಾಣು ಘಟಕ ಕಟ್ಟುತ್ತಿರುವುದು ಹೊರಬಿತ್ತು. ಅಲ್ಲಿಂದ ಜಗಳದ ಕೇಂದ್ರವೇ ಬದಲಾಯಿತು.

ವಿಜ್ಞಾನ ಸುಮ್ನೆ ಎರಡು ಸಾಲಿನಲ್ಲಿ: ನೆಲದಿಂದ ತೆಗೆದ ಯುರೇನಿಯಂನಲ್ಲಿ ಕೆಲಸಕ್ಕೆ ಬರುವ ಬಗೆ ಶೇ 0.7ರಷ್ಟು ಮಾತ್ರ. ಸೆಂಟ್ರಿಫ್ಯೂಜ್ ಯಂತ್ರಗಳಲ್ಲಿ ತಿರುಗಿಸಿ ಅದನ್ನು ಶೇ 3ರಿಂದ 5ಕ್ಕೆ ಏರಿಸಿದರೆ ವಿದ್ಯುತ್ ಮಾಡಬಹುದು, ಶೇ 90ಕ್ಕೆ ಏರಿಸಿದರೆ ಬಾಂಬ್. ಮೊದಲ ಮೆಟ್ಟಿಲುಗಳೇ ಕಷ್ಟ. ಶೇ 60 ತಲುಪಿದವನಿಗೆ 90 ದೂರವಲ್ಲ. ವಿದ್ಯುತ್ತಿಗೂ ಬಾಂಬಿಗೂ ಯಂತ್ರ ಒಂದೇ. ಹಾಗಾಗಿ ‘ನಮ್ಮದು ಶಾಂತಿಗೆ’ ಎಂಬ ಮಾತನ್ನು ನಂಬಬೇಕಾದರೆ ತಪಾಸಣೆ ಬೇಕೇ ಬೇಕು.

2013ರ ಸೆಪ್ಟೆಂಬರ್ 27ರಂದು ಒಬಾಮ ಮತ್ತು ಇರಾನಿನ ಹೊಸ ಅಧ್ಯಕ್ಷ ರೂಹಾನಿ ಫೋನಿನಲ್ಲಿ ಮಾತಾಡಿದರು. 1979ರ ನಂತರ ಇದೇ ಮೊದಲು. ನ್ಯೂಯಾರ್ಕ್‌ನಿಂದ ಮರಳಿದ ರೂಹಾನಿ ಕಾರಿನ ಮೇಲೆ ಟೆಹರಾನ್‌ನಲ್ಲಿ ಮೊಟ್ಟೆ, ಶೂ ಬಿದ್ದವು. ಆದರೂ ಮಾತು ಮುಂದುವರಿಯಿತು. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಒಪ್ಪಂದವಾಯಿತು. ಯುರೇನಿಯಂ ಶೇ 3.67 ದಾಟುವಂತಿಲ್ಲ. ಸಂಗ್ರಹ 300 ಕೆ.ಜಿ. ಮೀರುವಂತಿಲ್ಲ. ಸುಮಾರು 19,000 ಸೆಂಟ್ರಿಫ್ಯೂಜ್‌ಗಳಲ್ಲಿ 6,104 ಮಾತ್ರ ಉಳಿಯಬೇಕು. ಬದಲಿಗೆ ನಿರ್ಬಂಧ ತೆಗೆಯಬೇಕು. ಅರಾಕ್ ರಿಯಾಕ್ಟರಿನ ಒಡಲಿಗೆ ಇರಾನ್ ಕಾಂಕ್ರೀಟ್ ಸುರಿಯಿತು. ತಪಾಸಕರು ಸರಿ ಇದೆ ಎಂದರು.

ಒಪ್ಪಂದದ ಕಾಗದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು 2016ರ ಜನವರಿ 12ರ ಘಟನೆ. ಅಮೆರಿಕದ ಎರಡು ದೋಣಿ ದಾರಿ ತಪ್ಪಿ ಇರಾನಿನ ನೀರಿಗೆ ಹೋದವು. ಹತ್ತು ನಾವಿಕರು ಸೆರೆಯಾದರು. ಹತ್ತು ವರ್ಷ ಹಿಂದಾಗಿದ್ದರೆ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಅಮೆರಿಕದ ವಿದೇಶಾಂಗ ಸಚಿವ ಕೆರ್ರಿ ಮತ್ತು ಅಷ್ಟರಲ್ಲಿ ಇರಾನಿನ ವಿದೇಶಾಂಗ ಸಚಿವರಾಗಿದ್ದ ಝರೀಫ್ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡರು. ಒಂದು ದಿನದೊಳಗೆ ನಾವಿಕರು ಬಿಡುಗಡೆಯಾದರು. ರಾಜತಾಂತ್ರಿಕ ಸಂಬಂಧ ಅಂದರೆ ಇಷ್ಟೇ ನೋಡಿ: ಕೈಯಲ್ಲಿ ಒಂದು ನಂಬರ್, ಆ ಕಡೆ ಫೋನ್ ಎತ್ತುವವರು.

ಮತ್ತೆ ಕೆಟ್ಟಿದ್ದು ಯಾಕೆ? ಅಮೆರಿಕದಲ್ಲಿ ಪೂರ್ಣ ಒಪ್ಪಂದ ಆಗಬೇಕಾದರೆ ಸೆನೆಟ್‌ನ ಮೂರನೇ ಎರಡು ಪಾಲು ಮತ ಬೇಕು. ಅಷ್ಟು ಮತ ಒಬಾಮ ಕೈಯಲ್ಲಿರಲಿಲ್ಲ. ಹಾಗಾಗಿ ಅದು ಅಧ್ಯಕ್ಷರ ಅಧಿಕಾರದ ಮೇಲೆ ನಿಂತ ಒಪ್ಪಂದವಾಯಿತು. 47 ರಿಪಬ್ಲಿಕನ್ ಸೆನೆಟರ್‌ಗಳು ಮೊದಲೇ ಇರಾನಿನ ನಾಯಕರಿಗೆ ಬಹಿರಂಗ ಪತ್ರ ಬರೆದು, ಮುಂದಿನ ಅಧ್ಯಕ್ಷ ಬಂದು ಒಂದೇ ಸಹಿಯಲ್ಲಿ ಇದನ್ನು ಅಳಿಸಬಹುದು ಎಂದಿದ್ದರು. ಇಸ್ರೇಲ್ ಪ್ರಧಾನಿ ನೆತನ್ಯಾಹು ಅಮೆರಿಕದ ಸಂಸತ್ತಿಗೇ ಬಂದು ಒಪ್ಪಂದ ಬೇಡ ಎಂದು ಭಾಷಣ ಮಾಡಿದ್ದರು. ಇತ್ತ ಇರಾನಿನಲ್ಲಿ ಅಧ್ಯಕ್ಷ ಚುನಾಯಿತನಾದರೂ ಕೊನೆಯ ಮಾತು ಸರ್ವೋಚ್ಚ ನಾಯಕನದು. ಕ್ಷಿಪಣಿ, ಲೆಬನಾನ್, ಇರಾಕ್, ಸಿರಿಯಾ ವ್ಯವಹಾರ ಸರ್ವೋಚ್ಚ ನಾಯಕನ ಕೈಕೆಳಗಿನ ರೆವಲ್ಯೂಷನರಿ ಗಾರ್ಡ್ಸ್ ಎಂಬ ಸೇನಾ ಪಡೆಯದಾಗಿತ್ತು. ಅವರು ಒಪ್ಪಂದದ ನಂತರವೂ ತಮ್ಮ ದಾರಿ ಬದಲಿಸಲಿಲ್ಲ. ಇರಾನಿನ ಜೊತೆ ಇನ್ನೊಂದು ದೇಶದ ಪೌರತ್ವವೂ ಇದ್ದವರನ್ನು ಹಿಡಿದು ಚೌಕಾಸಿಗೆ ಇಟ್ಟುಕೊಳ್ಳುವುದನ್ನೂ ಇರಾನ್ ಬಿಡಲಿಲ್ಲ. ಸಹಿ ಹಾಕುವವನಿಗೆ ಪೂರ್ತಿ ಅಧಿಕಾರ ಎರಡೂ ಕಡೆ ಇರಲಿಲ್ಲ.

2018ರ ಮೇ 8ರಂದು ಟ್ರಂಪ್ ಒಪ್ಪಂದದಿಂದ ಹೊರನಡೆದರು. ಇರಾನ್ ಒಂದು ವರ್ಷ ಕಾದು, ಆಮೇಲೆ ಮಿತಿಗಳನ್ನು ಒಂದೊಂದಾಗಿ ಮೀರಿತು. 2021ರಲ್ಲಿ ಶೇ 60 ಮುಟ್ಟಿತು. ಟೆಹರಾನ್‌ನಲ್ಲಿ ‘ನಾವು ಮೊದಲೇ ಹೇಳಿರಲಿಲ್ಲವೇ’ ಅಂದವರಿಗೆ ಬಲ ಬಂತು. ರೂಹಾನಿ, ಝರೀಫ್ ಮೂಲೆಗೆ ಸರಿದರು.

ಡಾಲರಿನ ಹಗ್ಗ

ನಿರ್ಬಂಧ ಅಂದರೆ ಅಮೆರಿಕ ಇರಾನಿನ ಜೊತೆ ವ್ಯಾಪಾರ ಮಾಡುವುದಿಲ್ಲ, ಅಷ್ಟೇ ಅಲ್ವಾ ಎಂದು ಕೇಳಬಹುದು. ಅಷ್ಟೇ ಅಲ್ಲ. ಲೋಕದ ಬಹುಪಾಲು ದೊಡ್ಡ ವ್ಯಾಪಾರ ನಡೆಯುವುದು ಡಾಲರಿನಲ್ಲಿ. ಆ ಲೆಕ್ಕ ಎಲ್ಲೋ ಒಂದು ಕಡೆ ನ್ಯೂಯಾರ್ಕಿನ ಬ್ಯಾಂಕನ್ನು ಹಾದು ಹೋಗುತ್ತದೆ. ‘ಇರಾನಿನ ಜೊತೆ ವ್ಯವಹಾರ ಮಾಡಿದರೆ ನಮ್ಮ ಬಾಗಿಲು ನಿಮಗೆ ಮುಚ್ಚಿತು’ ಎಂದು ಅಮೆರಿಕ ಮೂರನೆಯವರಿಗೆ ಹೇಳಬಲ್ಲದು. 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪಾರಿಬಾ ಬ್ಯಾಂಕು ಇರಾನ್, ಸುಡಾನ್, ಕ್ಯೂಬಾ ನಿರ್ಬಂಧ ಮುರಿದಿದ್ದಕ್ಕೆ ಸುಮಾರು 900 ಕೋಟಿ ಡಾಲರ್ ದಂಡ ಕಟ್ಟಿತು. ಔಷಧಿಗೆ ರಿಯಾಯಿತಿ ಕಾಗದದ ಮೇಲೆ ಇದೆ. ಆದರೆ ಅಂಥ ದಂಡ ನೋಡಿದ ಯಾವ ಬ್ಯಾಂಕೂ ಔಷಧಿಯ ದುಡ್ಡು ಸಾಗಿಸಲೂ ಹಿಂದೆ ಮುಂದೆ ನೋಡುತ್ತದೆ.

ಇದರ ಬಿಸಿ ನಮ್ಮ ಕರಾವಳಿಗೂ ತಟ್ಟಿದೆ. ಮಂಗಳೂರಿನ ಎಂಆರ್‌ಪಿಎಲ್ ಒಂದು ಕಾಲಕ್ಕೆ ಭಾರತದಲ್ಲಿ ಇರಾನಿನ ಕಚ್ಚಾ ತೈಲದ ದೊಡ್ಡ ಗಿರಾಕಿ. 2012ರ ಹೊತ್ತಿಗೆ ಡಾಲರ್ ದಾರಿ ಮುಚ್ಚಿದಾಗ ಭಾರತ ದುಡ್ಡಿನ ಒಂದು ಪಾಲನ್ನು ಯುಕೊ ಬ್ಯಾಂಕಿನಲ್ಲಿ ರೂಪಾಯಿಯಲ್ಲೇ ಕಟ್ಟುವ ಉಪಾಯ ಮಾಡಿತು. ಆ ರೂಪಾಯಿಗೆ ಇರಾನ್ ನಮ್ಮಲ್ಲಿ ಅಕ್ಕಿ, ಚಹಾ ಕೊಂಡಿತು. 2013ರಲ್ಲಿ ವಿಮೆ ಸಿಗದೆ ಎಂಆರ್‌ಪಿಎಲ್ ಕೆಲವು ತಿಂಗಳು ಖರೀದಿ ನಿಲ್ಲಿಸಿತ್ತು. 2019ರ ಮೇನಲ್ಲಿ ಟ್ರಂಪ್ ಸರ್ಕಾರ ವಿನಾಯಿತಿ ಮುಗಿಸಿದಾಗ ಭಾರತ ಪೂರ್ತಿ ನಿಲ್ಲಿಸಿತು.

2016ರಲ್ಲಿ ಅಮೆರಿಕವೇ ಈ ಹಗ್ಗಕ್ಕೆ ಎಡವಿದ ಪ್ರಸಂಗ ಒಂದಿದೆ. ಶಾ ಕಾಲದಲ್ಲಿ ಆಯುಧಕ್ಕೆಂದು ಮುಂಗಡ ಕಟ್ಟಿದ್ದ 40 ಕೋಟಿ ಡಾಲರನ್ನು ಇರಾನಿಗೆ ಹಿಂತಿರುಗಿಸಬೇಕಾಗಿ ಬಂತು. ಬ್ಯಾಂಕಿನಲ್ಲಿ ಕಳಿಸೋಣ ಎಂದರೆ ಅಮೆರಿಕದ ಕಾನೂನೇ ಅಡ್ಡ. ಕೊನೆಗೆ ಯೂರೊ, ಸ್ವಿಸ್ ಫ್ರಾಂಕ್ ನೋಟುಗಳನ್ನು ವಿಮಾನಕ್ಕೆ ತುಂಬಿ ಕಳಿಸಿದರು.

ನಿರ್ಬಂಧಗಳಿಂದ ಆಡಳಿತ ಬಗ್ಗಿತೇ? ಬಗ್ಗಿದ್ದು ಕಡಿಮೆ. ಬಗ್ಗಿದ್ದು ಜನರ ಬೆನ್ನು. 2015ರಲ್ಲಿ ಒಂದು ಡಾಲರಿಗೆ ಮೂವತ್ತು ಸಾವಿರ ಚಿಲ್ಲರೆ ಇದ್ದ ರಿಯಾಲ್ 2025ರಲ್ಲಿ ಹತ್ತು ಲಕ್ಷ ದಾಟಿತು. ಕಳ್ಳಸಾಗಣೆಯ ದಾರಿಗಳನ್ನು ಕೈಯಲ್ಲಿಟ್ಟುಕೊಂಡಿದ್ದ ಗಾರ್ಡ್ಸ್ ಪಡೆಗೆ ಅದರಿಂದ ಲಾಭವೇ ಆಯಿತು.

ಹೇಳಿ ಹೊಡೆಯುವ ಆಟ

2020ರ ಜನವರಿ 3ರಂದು ಬಾಗ್ದಾದ್ ವಿಮಾನ ನಿಲ್ದಾಣದ ಬಳಿ ಅಮೆರಿಕದ ಡ್ರೋನ್ ಇರಾನಿನ ಸೇನಾನಿ ಕಾಸಿಂ ಸುಲೇಮಾನಿ ಅವರನ್ನು ಕೊಂದಿತು. ಕೆಲವೇ ಗಂಟೆಗಳಲ್ಲಿ ಟೆಹರಾನ್‌ನ ಸ್ವಿಸ್ ರಾಯಭಾರ ಕಚೇರಿಯ ಗುಪ್ತ ಫ್ಯಾಕ್ಸ್ ಯಂತ್ರಕ್ಕೆ ವಾಷಿಂಗ್ಟನ್‌ನಿಂದ ಸಂದೇಶ ಬಂತು: ಇದನ್ನು ಇನ್ನೂ ಬೆಳೆಸಬೇಡಿ. ಸ್ವಿಸ್ ರಾಯಭಾರಿ ಅದನ್ನು ಒಯ್ದು ಮುಟ್ಟಿಸಿದರು. ಉತ್ತರವೂ ಅದೇ ದಾರಿಯಲ್ಲಿ ಬಂತು. 8ರಂದು ಇರಾನ್ ಇರಾಕಿನಲ್ಲಿದ್ದ ಅಮೆರಿಕದ ನೆಲೆಗೆ ಕ್ಷಿಪಣಿ ಹಾರಿಸಿತು, ಆದರೆ ಇರಾಕ್ ಸರ್ಕಾರಕ್ಕೆ ಮೊದಲೇ ತಿಳಿಸಿ. ಸೈನಿಕರು ಬಂಕರ್ ಸೇರಿದ್ದರು. ನೂರಕ್ಕೂ ಹೆಚ್ಚು ಮಂದಿಯ ಮಿದುಳಿಗೆ ಪೆಟ್ಟಾಯಿತು, ಯಾರೂ ಸಾಯಲಿಲ್ಲ. ಅದೇ ರಾತ್ರಿಯ ಗಾಬರಿಯಲ್ಲಿ ಗಾರ್ಡ್ಸ್ ಪಡೆ ಟೆಹರಾನ್‌ನಿಂದ ಹಾರಿದ ಉಕ್ರೇನಿನ ಪ್ರಯಾಣಿಕ ವಿಮಾನವನ್ನು ಹೊಡೆಯಿತು. 176 ಜನ ಸತ್ತರು. ಸಂದೇಶ ಸಾಗಿಸುವ ದಾರಿ ಎಷ್ಟೇ ಚೆನ್ನಾಗಿದ್ದರೂ ಕತ್ತಲಲ್ಲಿ ರೇಡಾರ್ ಮುಂದೆ ಕೂತ ಹುಡುಗನ ಬೆರಳನ್ನು ಅದು ಹಿಡಿಯಲಾರದು.

2025ರಲ್ಲಿ ಈ ಎಲ್ಲವೂ ಒಟ್ಟಿಗೆ ನಡೆಯಿತು. ಮಾರ್ಚ್‌ನಲ್ಲಿ ಟ್ರಂಪ್ ಬರೆದ ಪತ್ರವನ್ನು ಯುಎಇಯ ಅಧಿಕಾರಿ ಟೆಹರಾನ್‌ಗೆ ಒಯ್ದರು. ಏಪ್ರಿಲ್ 12ರಂದು ಮಸ್ಕತ್‌ನಲ್ಲಿ ಮಾತು ಶುರುವಾಯಿತು. ಅಮೆರಿಕದ ಕಡೆ ಟ್ರಂಪ್ ಅವರ ದೂತ ಸ್ಟೀವ್ ವಿಟ್ಕಾಫ್. ಇರಾನಿನ ಕಡೆ ವಿದೇಶಾಂಗ ಸಚಿವ ಅಬ್ಬಾಸ್ ಅರಾಗ್ಚಿ. 2015ರ ಒಪ್ಪಂದದಲ್ಲಿ ಝರೀಫ್‌ಗೆ ಬಲಗೈಯಾಗಿದ್ದವರು. ಮಸ್ಕತ್, ರೋಮ್ ಅಂತ ಐದು ಸುತ್ತು ಮುಗಿಯಿತು. ಇರಾನಿನ ನೆಲದಲ್ಲಿ ಪುಷ್ಟೀಕರಣ, ಅಂದರೆ ಯುರೇನಿಯಂನ ಆ ಶೇಕಡಾವಾರು ಏರಿಸುವ ಕೆಲಸ, ಸ್ವಲ್ಪವಾದರೂ ಇರಬಹುದೇ, ಪೂರ್ತಿ ಬೇಡವೇ ಎಂಬಲ್ಲಿ ಗಂಟು ಬಿತ್ತು. ಆರನೇ ಸುತ್ತು ಜೂನ್ 15ಕ್ಕೆ ಗೊತ್ತಾಗಿತ್ತು. 13ರಂದು ಇಸ್ರೇಲ್ ದಾಳಿ ಶುರುಮಾಡಿತು. 22ರಂದು ಅಮೆರಿಕದ ಬಿ-2 ವಿಮಾನಗಳು ಫೋರ್ಡೊ, ನತಾಂಜ್, ಇಸ್ಫಹಾನ್ ಘಟಕಗಳ ಮೇಲೆ ಬಾಂಬ್ ಹಾಕಿದವು. ಮರುದಿನ ಇರಾನ್ ಕತಾರಿನ ಅಮೆರಿಕದ ನೆಲೆಗೆ ಕ್ಷಿಪಣಿ ಹಾರಿಸಿತು, ಈ ಸಲವೂ ಮೊದಲೇ ತಿಳಿಸಿ. ಮುಂಚಿತವಾಗಿ ಹೇಳಿದ್ದಕ್ಕೆ ಟ್ರಂಪ್ ಬಹಿರಂಗವಾಗಿ ಥ್ಯಾಂಕ್ಸ್ ಅಂದರು! 24ಕ್ಕೆ ಕದನ ನಿಂತಿತು. ಸೆಪ್ಟೆಂಬರ್ ಕೊನೆಗೆ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳು ಮರಳಿ ಬಂದವು.

ಆ ಹನ್ನೆರಡು ದಿನಗಳ ಯುದ್ಧಕ್ಕೆ ಮುಂಚೆ ಇರಾನಿನ ಬಳಿ ಶೇ 60ರ ಯುರೇನಿಯಂ 440 ಕೆ.ಜಿ.ಯಷ್ಟಿತ್ತು ಎಂದು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಲೆಕ್ಕ ಹಾಕಿತ್ತು. ಬಾಂಬ್ ಬಿದ್ದ ಮೇಲೆ ಅದು ಎಲ್ಲಿದೆ ಎಂದು ಹೋಗಿ ನೋಡಲು ತಪಾಸಕರಿಗೆ ಇರಾನ್ ಬಿಡಲಿಲ್ಲ. ಕದನ ನಿಂತ ಆ ಹೊತ್ತಿಗೆ ಅಮೆರಿಕದ ಕಡೆಯವರ ಮೊದಲ ಪ್ರಶ್ನೆ ಅದೇ ಆಗಿತ್ತು. ಅರಾಗ್ಚಿಯಂಥವರು ಉತ್ತರ ಕೊಡಬೇಕಿದ್ದ ಪ್ರಶ್ನೆ ಬೇರೆ, ಅದನ್ನು ಕೇಳುವವರು ಅವರ ಊರಿನವರೇ ಆಗಿದ್ದರು: ಆರನೇ ಸುತ್ತಿಗೆ ದಿನ ಗೊತ್ತಾಗಿದ್ದಾಗಲೇ ಬಾಂಬ್ ಬಿತ್ತಲ್ಲ, ಏಳನೆಯದಕ್ಕೆ ಯಾಕೆ ಹೋಗುತ್ತೀರಿ?